ವಲ್ಲಿ ಕೆಳಗ

ಯಾದಗಿರಿ ಗುಡ್ಡದ ಕಲ್ಲು ಕಾದು ಕೆಂಡಾಗೋ ಹೊತ್ತು.
ಹನ್ನೊಂದೂವರಿ. ಕರೆಂಟ್ ಹೋಗೇದ.
ಇನ್ವರ್ಟರ್ ಮ್ಯಾಲ ಒಂದ ಫ್ಯಾನು, ಒಂದ ರೌಟರ್,
ಒಂದ ನಾನು.
ಪರದಿ ಮ್ಯಾಲ ಇಸ್ತ್ರಿ ಅಂಗಿಯ ಪ್ರಣೀತ್ ಅಂಬಾಂವ,
ಧ್ವನಿ ಮೆತ್ತಗ, ನಗಿ ಅಳತಿಯಾಗ.

ಎರಡು ಸುತ್ತು ಮುಗದಾವ.
ಮೊದಲನೇದ್ರಾಗ, ಸರದಿ ಉದ್ದಾದ್ರ ಸರ್ವರ್ ಯಾಕ ಕುಸೀತದ
ಅಂತ ಕೇಳಿದ್ರು. ಬರದು ತೋರಿಸಿದೆ.
ಎರಡನೇದ್ರಾಗ ಅವರ ಕೋಡಿನ್ಯಾಗ ಅವರಿಗೇ ಕಾಣದ ತಪ್ಪು ಹಿಡದೆ,
ಆ ಕಡಿ ಯಾರೋ "ಅರೆ" ಅಂದದ್ದು ಕೇಳಿಸ್ತು.
ಇವತ್ತು ಕಡೀ ಸುತ್ತು. ಇವತ್ತು ಕೋಡಿಲ್ಲ.

"ಈಗ ನಿಮಗೆ ಎಷ್ಟು ಬರುತ್ತೆ ಮೇಡಂ?
ಮೂರು ತಿಂಗಳ ಪೇ ಸ್ಲಿಪ್ ಕಳಿಸಿಬಿಡಿ."

ಈ ಕೆಲಸಕ್ಕ ನೀವೆಷ್ಟು ಇಟ್ಟೀರಿ, ಹೇಳ್ರಿ ಅಂದೆ.
ಇಲ್ಲಾಂದ್ರ ನನಗ ಬೇಕಾದ್ದು ನಾ ಹೇಳ್ತೀನಿ, ಬರಕೋರಿ ಅಂದೆ.
ಹೇಳಿದೆ.
ಅಂವ ಬರಕೊಳ್ಳಲಿಲ್ಲ.
"ಫಾರ್ಮಲ್ಲಿ ಆ ಖಾನೆ ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ ಮೇಡಂ,
ಕೆಂಪು ಚುಕ್ಕಿ ಇದೆ."

ಕೆಂಪು ಚುಕ್ಕಿ ನನಗ ಗೊತ್ತದ.
ನಾನೇ ಇಟ್ಟಿದ್ದೆ ಒಂದು,
ಕಲಬುರಗಿಯ ಒಂದು ದವಾಖಾನಿ ನೋಂದಣಿಯಾಗ,
'ಗಂಡನ ಹೆಸರು' ಅಂಬೋ ಖಾನೆ ಮಗ್ಗಲಿಗೆ.
ಹಳೇ ಕಾಗದದಾಗ ಇತ್ತು ಅಂತ ಇಟ್ಟಿದ್ದೆ, ಮತ್ತೇನೂ ವಿಚಾರಿಸದ.
ಒಂದಿನ ಕೌಂಟರಿನ ಹುಡುಗ ಫೋನ್ ಮಾಡಿದ:
"ಅಕ್ಕಾ, ಸೇಡಂ ಕಡಿಂದ ಒಬ್ಬಾಕಿ ಬಂದಾಳ,
ಹೆಸರು ಹೇಳವಲ್ಲಳು, ಮಷಿನ್ ಬಿಡವಲ್ದು.
ಹೊಟ್ಟಿ ಹಿಡಕೊಂಡು ಕುಂತಾಳ."
ಒಂದ ಸಾಲು ಅಳಿಸಿದೆ. ನಾಕು ನಿಮಿಷ ಹಿಡೀತು.
ಮೂರು ವರ್ಷ ಅದು ಅಲ್ಲೇ ಇತ್ತು.

ಅವ್ವನ ಅಪ್ಪ, ಮುತ್ಯಾ ಮಲಕಪ್ಪ,
ದನದ ಸಂತ್ಯಾಗ ದಲಾಲಿ ಮಾಡ್ತಿದ್ದ.
ಕೊಡಾಂವನ ಕೈ, ಕೊಳ್ಳಾಂವನ ಕೈ, ಮ್ಯಾಲ ಒಂದು ವಲ್ಲಿ.
ಬೆರಳು ಹಿಡದ್ರ ಸಾವಿರ, ಗಣ್ಣು ಒತ್ತಿದ್ರ ಐನೂರು.
ಸುತ್ತಿನ ಮಂದಿ ಮಾರಿ ನೋಡತಿದ್ರು,
ಮಾರ್ಯಾಗ ಏನೂ ಇರ್ತಿರಲಿಲ್ಲ.
ಹಲ್ಲು ನೋಡ್ರಿ, ಸುಳಿ ನೋಡ್ರಿ, ನಾಕು ಹೆಜ್ಜಿ ನಡಸ್ರಿ,
ಬೇಕಾದ್ರ ನೊಗ ಹೂಡಿ ನೋಡ್ರಿ.
ಹ್ವಾದ ವರ್ಷ ಎಷ್ಟಕ್ಕ ತಂದಿದ್ರಿ ಅಂತ ಯಾರರ ಕೇಳಿದ್ರ
ಮುತ್ಯಾ ವಲ್ಲಿ ಝಾಡಿಸಿ ಹೆಗಲಿಗೆ ಹಾಕೋತಿದ್ದ.
ಅಷ್ಟ. ವ್ಯಾಪಾರ ಮುಗೀತು.

ನಾ ಎತ್ತಲ್ಲ, ಖರೆ.
ಎತ್ತಿಗಿದ್ದ ಮರ್ಯಾದಿ ಕೇಳ್ಲಿಕತ್ತೀನಿ.

ಈಗಿನ ಪಗಾರ ಸಣ್ಣದದ.
ಎರಡು ವರ್ಷ ಖಾಲಿ ಕುಂತು ಮತ್ತ ಸೇರೋ ಮುಂದ
ಕೊಟ್ಟಷ್ಟಕ್ಕ ಹೂಂ ಅಂದಿದ್ದೆ.
ಆವಾಗ್ಲೂ ಒಬ್ಬರು ಹಿಂದಿನದು ಕೇಳಿದ್ರು, ಆವಾಗ ಹೇಳಿದ್ದೆ.
ನಾಯಿ ಬಾಲಕ್ಕ ಕಟ್ಟಿದ ಡಬ್ಬಿಯಂಗ ಆ ಅಂಕಿ,
ಓಡಿದಲ್ಲೆಲ್ಲ ಸಪ್ಪಳ.
ಎಷ್ಟಂತ ನಿಮಗೂ ಹೇಳಂಗಿಲ್ಲ,
ಓದ್ಲಿಕತ್ತವರು ಬ್ಯಾಸರ ಮಾಡ್ಕೋಬ್ಯಾಡ್ರಿ.

"ಹೇಳಂಗಿಲ್ರಿ" ಅಂದೆ.
ದನಿ ನಡುಗ್ತು, ಅದನ್ನ ಮುಚ್ಚಿಡಂಗಿಲ್ಲ.
"ಆ ಚುಕ್ಕಿ ಅಳಿಸ್ಲಿಕ್ಕ ನಾಕು ನಿಮಿಷ ಸಾಕ್ರಿ.
ನಿಮ್ಮಲ್ಲಿ ಬಂದ ಮ್ಯಾಲ ನಾನೇ ಅಳಿಸಿಕೊಡ್ತೀನಿ."

ಪ್ರಣೀತ್ ನಕ್ಕನೋ, ನೆಟ್ ನಿಂತಿತೋ,
ಮಾರಿ ಅರ್ಧ ನಗಿಯಾಗ ಹಂಗೇ ಕೂತಿತ್ತು ಬಾಳ ಹೊತ್ತು.
ಆಮ್ಯಾಲ, "ತಿಳಿಸ್ತೀವಿ."

ಅಡಗಿಮನ್ಯಾಗ ಅವ್ವ ಜ್ವಾಳದ ಹಿಟ್ಟು ನಾದ್ಲಿಕತ್ತಿದ್ಲು.
ದಲಾಲಿ ಮಗಳು, ಆದ್ರ
ಸಂತಿ ನೆಲ ಒಮ್ಮಿನೂ ತುಳದಾಕಿ ಅಲ್ಲ.
ಎಷ್ಟು ಕೇಳಿದಿ ಅನ್ನಲಿಲ್ಲ.
ಸೆರಗು ಕೈ ಮ್ಯಾಲ ಎಳಕೊಂಡು ಕೈ ಚಾಚಿದ್ಲು.
ನಾ ಹಿಡದೆ: ಇಷ್ಟು ಬೆರಳು, ಒಂದು ಗಣ್ಣು.
ಅವ್ವ ಗ್ಯಾಸಿನ ಉರಿ ನೋಡ್ಕೋತ
ಮತ್ತೊಂದು ಬೆರಳು ಒತ್ತಿದ್ಲು.

ಹಂಚು ಕಾದಿತ್ತು, ರೊಟ್ಟಿ ಬಡೀಲಿಕ್ಕ ಹೊಳ್ಳಿದ್ಲು.
ಇಮೇಲ್ ಇನ್ನೂ ಬಂದಿಲ್ಲ.
ಬೆರಳಿಗೆ ಹತ್ತಿದ ಹಿಟ್ಟು ಒಣಗಿ
ಬಿರಕು ಬಿಟ್ಟದ.