ಒಳಪೆಡಲು

ಓವೆನ್ಸ್ ನದಿ ಇನ್ನೂ ಮಂಜಿನೊಳಗೆ ಮಗ್ಗುಲು ಬದಲಿಸುತ್ತಿತ್ತು.
ಹ್ಯಾರಿಯೆಟ್‌ವಿಲ್ಲಿನ ಸೇತುವೆಯ ಮೇಲೆ ನಾವು ಐದು ಜನ
ಟೈರಿನ ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದೆವು.
ಮಾರ್ನಿ ಟ್ರೆಝೈಸ್, ವಯಸ್ಸು ಅರವತ್ತಾರು, ನಮ್ಮ ಮುಂದಾಳು,
ಕಣಿವೆಯ ತುದಿಯತ್ತ ಗದ್ದ ಎತ್ತಿ ಅಂದಳು:
"ಹತ್ತೊಂಬತ್ತು ಕಿಲೋಮೀಟರು ಏರು. ಮಾತು ಆಮೇಲೆ."

ದೂರದ ಬೆಟ್ಟ ನುಣ್ಣಗೆ ಅಂತಾರೆ.
ಈ ಬೆಟ್ಟಕ್ಕೆ ಆ ಸಂಕೋಚವೂ ಇಲ್ಲ.
ಕಾಡ್ಗಿಚ್ಚು ತಿಂದು ಬಿಟ್ಟ ಸ್ನೋ ಗಮ್ ಮರಗಳು
ವಾರದಿಂದ ಕ್ಷೌರ ಕಾಣದ ಮುದುಕನ ಗಡ್ಡದ ಕೂಳೆಯಂತೆ
ಇಲ್ಲಿಂದಲೇ ಕಾಣುತ್ತವೆ, ಬೆಳ್ಳಗೆ, ಚುಚ್ಚುವ ಹಾಗೆ.

ಊರಂಚಿಗೆ ಒಂದು ಕೊಳ. ಬೇಸಿಗೆಯಲ್ಲಿ ಮಕ್ಕಳು ಈಜುತ್ತಾರೆ.
ಚಿನ್ನಕ್ಕೆಂದು ಯಂತ್ರ ಬಗೆದ ಗುಂಡಿ ಅದು.
ನೋಡಿದ ತಕ್ಷಣ ನನಗೆ ಗುರುತು ಹತ್ತಿತು.
ನಾನು ಕೋಲಾರದ ಗಣಿಯೂರಿನವಳು; ಅಲ್ಲಿ
ಬಗೆದ ಗುಂಡಿ ಕಣ್ಣಿಗೆ ಬೀಳುತ್ತಿರಲಿಲ್ಲ,
ಬಗೆದು ಸುರಿದ ಬೂದುಮಣ್ಣೇ ಗುಡ್ಡ.
ಸೈನೈಡ್ ದಿಬ್ಬ.
ಭೂಮಿಯ ಹೊಟ್ಟೆಯೊಳಗಿನದು ಹೊರಬಂದು ಕೂತ ಅದನ್ನು ಬಿಟ್ಟರೆ
ಬೇರೆ ಬೆಟ್ಟ ಹತ್ತಿದವಳಲ್ಲ.
ಅದರ ಬುಡದಲ್ಲೇ ಕಲಿತದ್ದು, ಅಪ್ಪನ ಅಟ್ಲಾಸ್ ಸೈಕಲ್ಲಿನ
ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು,
ಅರ್ಧ ಸುತ್ತು, ಅರ್ಧ ಸುತ್ತು,
ಕುಂಟುವ ಗಡಿಯಾರದಂತೆ.

ನಾಲ್ಕನೆಯ ಕಿಲೋಮೀಟರಿಗೆ ಗೇರುಗಳು ಮುಗಿದವು.
ಇನ್ನು ಇಳಿಸಲು ಏನೂ ಇಲ್ಲ, ಜಂಬ ಒಂದನ್ನು ಬಿಟ್ಟು.
ಮರ ಕಳಚಿದ ತೊಗಟೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ,
ಪೊದೆಯೊಳಗೊಂದು ಲೈರ್‌ಹಕ್ಕಿ
ಯಾರದೋ ಬ್ರೇಕಿನ ಕಿರುಚಾಟವನ್ನು ಅಣಕಿಸುತ್ತದೆ,
ನನ್ನದೇ ಇರಬೇಕು.
ಎದೆ ತಿದಿಯೊತ್ತುತ್ತದೆ. ಬೆವರು ಕಣ್ಣಿಗಿಳಿದು ಉರಿ.
ಒಂದು ಕಲ್ಲು. ಒಂದು ಬೇರು. ಒಂದು ಕೊರಕಲು.
ಜಗತ್ತೆಂದರೆ ಮುಂದಿನ ಚಕ್ರದಾಚೆಯ ಎರಡು ಮೊಳ.

ಇಂಥ ಏದುಸಿರನ್ನು ನಾನು ಬಲ್ಲೆ.
ವಾಂಗರಟ್ಟಾ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು,
"ಉಸಿರೆಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ" ಎಂದು
ದಿನಕ್ಕೆ ಐವತ್ತು ಸಲ ಹೇಳುವವಳು.
ಹಿಮವನ್ನು ನಾನು ಮೊದಲು ನೋಡಿದ್ದು
ಈ ದೇಶದಲ್ಲಲ್ಲ, ಅಪ್ಪನ ಎದೆಯ ಫಿಲ್ಮಿನಲ್ಲಿ.
ಎರಡೂ ಶ್ವಾಸಕೋಶದ ತುಂಬ
ಮೆತ್ತಗೆ, ಸದ್ದಿಲ್ಲದೆ, ವರ್ಷಗಟ್ಟಲೆ ಬಿದ್ದದ್ದು.
ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು "ಕಲ್ಲುಧೂಳು" ಅಂದರು.
ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ
"ಸೈಕಲ್ಲಿಗೆ ಬೀಗ ಹಾಕಿದೆಯಾ?" ಎಂದು ನನ್ನ ಕೇಳಿದರು.

ಹನ್ನೊಂದನೆಯದರಲ್ಲಿ ಇಳಿದೆ. ತಳ್ಳಿದೆ.
ಮಾರ್ನಿ ತಿರುಗಿ ಬಂದಳು, ತಾನೂ ಇಳಿದು ಪಕ್ಕದಲ್ಲಿ ತಳ್ಳಿದಳು.
"ಇನ್ನೇನು ಬಂತು" ಅನ್ನಲಿಲ್ಲ. ಅದೊಂದಕ್ಕೆ ಅವಳಿಗೆ ಋಣಿ.
ಅವಳ ಮುತ್ತಜ್ಜ ಕಾರ್ನ್‌ವಾಲಿನ ಗಣಿಯಾಳಂತೆ,
ಈ ಗಾಡಿದಾರಿ ಕಡಿದವರಲ್ಲೊಬ್ಬ.
ಅವನ ತಮ್ಮ ಬೇರೆ ಹಡಗು ಹತ್ತಿದ, ಇಂಡಿಯಾಕ್ಕೆ;
ಎರಡು ಕಾಗದ ಬಂದವು, ಆಮೇಲೆ ಇಲ್ಲ.
ನಾನು ಏನೂ ಹೇಳಲಿಲ್ಲ.
ಹೇಳಲು ಉಸಿರು ಬೇಕಿತ್ತು.

ತುದಿಯಲ್ಲಿ, ನವೆಂಬರಿನಲ್ಲೂ, ಬಂಡೆಯ ನೆರಳಿಗೆ
ಒಂದು ಕಂಬಳಿಯಗಲ ಹಿಮ ಉಳಿದಿತ್ತು.
ಗ್ಲೌಸು ಬಿಚ್ಚಿ ಮುಷ್ಟಿಯಲ್ಲಿ ಹಿಡಿದೆ.
ಕರಗಿತು.
ಕರಗುವ ಹಿಮ!
ಎಷ್ಟು ಹೊತ್ತು ನಿಂತಿದ್ದೆನೋ,
ಉಳಿದವರು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಚೀಲಕ್ಕೆ ಹಾಕಿಯಾಗಿತ್ತು.

ಇಳಿಜಾರಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ.
ಮೂರನೆಯ ತಿರುವಿನಲ್ಲಿ ಬಿದ್ದೆ.
ಅಂಗೈಗೆ ನಾಟಿದ ಬೆಣಚುಕಲ್ಲಿನ ಚೂರನ್ನು
ಮಾರ್ನಿ ಚಿಮುಟದಲ್ಲಿ ಕಿತ್ತು
ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು,
ರಕ್ತದಲ್ಲೇ ಬಂದ ಚಟ; ನಾನೂ ಬಗ್ಗಿ ನೋಡಿದೆ.
ಹೊಳಪಿರಲಿಲ್ಲ.
ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಎಸೆದಳು.

ಎಡಪೆಡಲು ಬಗ್ಗಿ ಫ್ರೇಮಿಗೆ ತಾಗುತ್ತಿತ್ತು.
ಊರು ಮುಟ್ಟುವ ತನಕ
ಅರ್ಧ ಸುತ್ತು, ಅರ್ಧ ಸುತ್ತು.