ಜೀವಾವಧಿ ತೆರಿಗೆ

ಮಡಗಾಂವಿನವನು ನೆಲಕ್ಕೆ ಕೆನ್ನೆಯಿಟ್ಟು
ಹೊಟ್ಟೆಯಡಿಯ ಗೀರು ನೋಡಿದ.
ಸುಮ್ಮನಿದ್ದೆ.
ಆರನೇ ಗೇರು ಹೇಗಿದೆ?
ಹೊಸದೇ ಇದೆ ಮಾರಾಯ,
ಆಗುಂಬೆ ಮೂರರ ಮೇಲೆ ಬಿಟ್ಟಿಲ್ಲ.

ಆರ್‌ಟಿಒ ಎದುರಿನ ಝೆರಾಕ್ಸ್ ಅಂಗಡಿ.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು,
ಫಾರಮ್ಮಿನ ಮೇಲೆ ಫಾರಮ್ಮು, ಸಹಿಯ ಮೇಲೆ ಸಹಿ.
"ಕಾಗದದಲ್ಲಿ ನಾಲ್ಕೇ ಲಕ್ಷ ಬರೀರಿ,
ಗೋವಾದಲ್ಲಿ ಮತ್ತೆ ತೆರಿಗೆ ಕಟ್ಟೋನು ನಾನು."
ಏಜೆಂಟ್ ಫೆಲಿಕ್ಸ್ ಕೆಮ್ಮಿದ.

ಹನ್ನೊಂದು ಎಂದೇ ಬರೆದೆ, ಅಕ್ಷರದಲ್ಲೂ.
ಪ್ರಾಮಾಣಿಕತೆ ಗೀಮಾಣಿಕತೆ ಏನಿಲ್ಲ,
ಹೊರಗೆ ಬಿಸಿಲಲ್ಲಿ ಕೆಂಪಗೆ ನಿಂತಿತ್ತು,
ನಾಲ್ಕು ಅಂದರೆ ಕೇಳಿಸೀತು ಅನಿಸಿತು.

"ಜೀವಾವಧಿ ತೆರಿಗೆ ಕಟ್ಟಿದ್ದೀರಲ್ಲ,
ಮಿಕ್ಕ ವರ್ಷದ್ದು ವಾಪಸ್ ಕೇಳಬಹುದು," ಎಂದ ಫೆಲಿಕ್ಸ್.
ಒಂಬತ್ತು ಮಿಕ್ಕಿದ್ದವು.

ಸಾಗರ ರಸ್ತೆಗೆ ತಿರುಗಿ ಮರೆಯಾದ ಮೇಲೆ
ನೆನಪಾಯಿತು:
ಆಯನೂರಿನ ಹಂಪು ಹೇಳಲಿಲ್ಲ.