ಹಾಳೆಯ ಬೆನ್ನು

ಸುಂಟಿಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಆಧಾರ್, ಜಮ್ಮಾ ಜಾಗದ ಪತ್ರ, ಮಾರ್ಕ್ಸ್ ಕಾರ್ಡು, ಮರಣಪತ್ರ,
ಹಾಳೆಗೆ ಎರಡು ರೂಪಾಯಿ.
ಯಾರ ಬದುಕಾದರೂ ಸರಿ, ಒಂದೇ ಹಸಿರು ಬೆಳಕು
ಎಡದಿಂದ ಬಲಕ್ಕೆ.

ಗುರುವಾರ ಸಂಜೆ ಶಟರು ಅರ್ಧ ಎಳೆದು
ಮಹಡಿ ಹತ್ತುತ್ತೇನೆ. ಅಲ್ಲಿ ನಾವು ಹದಿನಾಲ್ಕು ಮಂದಿ,
ಒಂದು ಜಮಖಾನ, ಒಂದು ದೀಪ,
ಅಜ್ಜ ಕೂರುತ್ತಿದ್ದ ಕಡೆ ಯಾರೂ ಕೂರದ ಜಾಗ.
ಅಜ್ಜ ಹೋಗಿ ಆರು ವರ್ಷ.
ಉಳಿದದ್ದು ಒಂದು ಪುಸ್ತಕ: ಶನಿವಾರಸಂತೆಯ ಸರಸಾಂಬ ಟೀಚರು
ಹನ್ನೊಂದು ವರ್ಷ ಕೂತು ಬರೆದುಕೊಂಡದ್ದು,
ಪಿಂಚಣಿ ದುಡ್ಡಲ್ಲಿ ಅಚ್ಚು ಹಾಕಿಸಿದ್ದು.
ಬೆಲೆ ನಾನೂರ ಎಂಬತ್ತು.

ನಮ್ಮಲ್ಲಿದ್ದದ್ದು ಒಂದೇ ಪ್ರತಿ, ನರ್ಸ್ ಚೋಂದಮ್ಮನದು.
ವಾರಕ್ಕೊಂದು ಮನೆ.
ಕಾಫಿ ಕೊಯ್ಯುವ ಸೆಲ್ವಿ
ಅಕ್ಷರಕ್ಕೆ ಅಕ್ಷರ ಕೂಡಿಸಿ ನಾಲ್ಕು ಪುಟ ದಾಟುವಷ್ಟರಲ್ಲಿ
ಪುಸ್ತಕ ಎದ್ದು ಬೇರೆ ಮನೆಗೆ ಹೊರಟಿರುತ್ತಿತ್ತು.
ಮತ್ತೆ ಅವಳ ಸರದಿ ಬರುವಾಗ
ಮೊದಲ ಪುಟವೇ ಅಪರಿಚಿತ.

“ನಿನ್ನ ಹತ್ತಿರ ಮಿಷನ್ನೇ ಇದೆಯಲ್ಲ ಮಾರಾಯ!”
“ದೇವರ ಮಾತಿಗೆ ಯಾರ ಹಕ್ಕು?” ಅಂದ ಕಂಡಕ್ಟರ್ ಕುಶಾಲಪ್ಪ,
ಜೀವಮಾನದಲ್ಲಿ ಒಬ್ಬರನ್ನೂ ಟಿಕೆಟ್ಟಿಲ್ಲದೆ ಹತ್ತಿಸದವನು.

ಒಂದು ರಾತ್ರಿ ಮಾಡಿಯೇಬಿಟ್ಟೆ.
ಒಟ್ಟು ಇನ್ನೂರ ಹನ್ನೆರಡು ಪುಟ.
ಗಾಜಿನ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದರೆ
ಪುಸ್ತಕ ಸಣ್ಣಗೆ ನರಳಿತು,
ಕೊನೆಗಾಲದಲ್ಲಿ ಅಜ್ಜನ ಮಗ್ಗುಲು ಬದಲಿಸುವಾಗ ಆಗುತ್ತಿದ್ದಂತೆ.
ನೂರ ಮೂವತ್ತೊಂದಕ್ಕೆ ಕರೆಂಟು ಹೋಯಿತು.
ಕತ್ತಲಲ್ಲಿ ನಾನು,
ತೊಡೆಯ ಮೇಲೆ ಇನ್ನೂ ಬೆಚ್ಚಗಿರುವ ಹಾಳೆಗಳ ಕಟ್ಟು.
ಟಾರ್ಚು ಹಾಕಿದೆ. ಮೇಲಿನ ಹಾಳೆಯಲ್ಲಿ ಎರಡೇ ಸಾಲು:
*ಇಂದು ಬಸ್ಸಿಲ್ಲ. ಮಾದಾಪುರದಿಂದ ನಡೆದು ಬಂದೆ.
ಅಜ್ಜ ಏನೂ ಹೇಳಲಿಲ್ಲ.*

ಕರೆಂಟು ಬಂತು. ಉಳಿದ ಎಂಬತ್ತೊಂದು ಪುಟ
ನನ್ನಿಂದ ಆಗಲಿಲ್ಲ.

ಭಾನುವಾರ ಶನಿವಾರಸಂತೆಗೆ ಹೋದೆ, ಕಟ್ಟು ಚೀಲದಲ್ಲಿ.
ಟೀಚರು ಕನ್ನಡಕ ಹಾಕಿ ತಿರುವಿದರು:
“ನನ್ನದಕ್ಕಿಂತ ಕಪ್ಪಗೆ ಬಂದಿದೆಯಲ್ಲೋ!”
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
ಮಂಚದ ಕೆಳಗಿಂದ ಡಬ್ಬಗಳನ್ನು ಕಾಲಲ್ಲಿ ಎಳೆಯಹೋಗಿ
ಛೆ ಅಂದುಕೊಂಡು, ಬಗ್ಗಿ, ಕೈಯಲ್ಲೇ ಎಳೆದರು.
“ಮುನ್ನೂರು ಹಾಕಿಸಿದೆ. ಅರ್ಧಕ್ಕಿಂತ ಹೆಚ್ಚು ಇಲ್ಲೇ ಮಲಗಿವೆ.
ಅಲ್ಲಿ ಕಾಸಿಲ್ಲ ಅಂತ ನೀವು ಸುಮ್ಮನೆ,
ಇಲ್ಲಿ ಕೇಳುವವರಿಲ್ಲ ಅಂತ ನಾನು ಸುಮ್ಮನೆ.
ನಾನೂರ ಎಂಬತ್ತು ಅಂಗಡಿಯವರ ಕಮಿಷನ್ನಿನ ಲೆಕ್ಕ.
ನನಗೆ ಬಿದ್ದದ್ದು ನೂರ ಅರವತ್ತು, ಅಷ್ಟು ಕೊಡಿ.
ಆದರೆ ಕೊಡಿ.
ಪುಕ್ಕಟೆ ಹೋದವು ಅಟ್ಟ ಸೇರಿದ್ದು ನೋಡಿದ್ದೇನೆ.”

ಈಗ ಮಹಡಿ ಮೆಟ್ಟಿಲ ಬುಡದಲ್ಲಿ ಬಾಯಿ ಸಣ್ಣದಾದ ಒಂದು ಚೊಂಬು.
ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ
(ಸದ್ದಿನಿಂದ ಗೊತ್ತಾಗುತ್ತದೆ; ಗೊತ್ತಾಗದಂತಿರುತ್ತೇವೆ).
ಮೊದಲ ಐದು ಪ್ರತಿ ಬಂದದ್ದು ಕುಶಾಲಪ್ಪನ ಬಸ್ಸಿನಲ್ಲೇ,
ಡಬ್ಬಕ್ಕೆ ಲಗೇಜ್ ಟಿಕೆಟ್ ಹರಿದು, ದುಡ್ಡು ತಾನೇ ಹಾಕಿದ.

ಆ ಕಟ್ಟು ಏನು ಮಾಡುವುದು?
ಸುಡಲು ಮನಸ್ಸಿಲ್ಲ, ಅಜ್ಜನ ಮಾತು.
ಕಡಲೆಕಾಯಿಯವನಿಗೂ ಕೊಡಲಾರೆ.
ಬೆನ್ನು ಬೆಳ್ಳಗಿತ್ತು. ಗೆರೆ ಎಳೆದು, ದಾರ ಹಾಕಿ ಹೊಲಿದೆ:
ಪುಸ್ತಕ ಕೊಂಡುಹೋದವರ ಹೆಸರು, ತೇದಿ,
ಹಿಂದೆ ಬಂದ ತೇದಿ.

ಸೆಲ್ವಿಯ ಹೆಸರಿನ ಮುಂದೆ ಆ ಕೊನೆಯ ಜಾಗ ಖಾಲಿ.
“ನಿನಗೆ ವಾಯಿದೆ ಇಲ್ಲ” ಅಂದಿದ್ದೆವು.
ಆದರೂ ಸಂಬಳದ ವಾರ ಚೊಂಬಿನಲ್ಲಿ
ಮಡಿಸಿ ಮಡಿಸಿ ಗುಂಡಿಯಷ್ಟಾದ ಒಂದು ಹತ್ತರ ನೋಟು,
ಅದಕ್ಕೆ ಸದ್ದಿಲ್ಲ.

ನಿನ್ನೆ ಆ ಹಾಳೆ ಬೆಳಕಿಗೆ ಹಿಡಿದೆ, ಏನೋ ಹುಡುಕುವಾಗ.
ಅವಳ ಹೆಸರಿನ ಆಚೆಯಿಂದ ಟೀಚರ ಸಾಲು ತಿರುಗುಮುರುಗಾಗಿ ಕಂಡಿತು,
ಕಾಡು ದಾರಿ, ಬಸ್ಸಿಲ್ಲದ ದಿನ, ಸುಮ್ಮನಿದ್ದ ಅಜ್ಜ.

ಸೆಲ್ವಿ ಈಗ ಇಪ್ಪತ್ತೊಂಬತ್ತನೇ ಪುಟದಲ್ಲಿದ್ದಾಳೆ.